ಮಳೆ ಹಿಡಿಯುವ ಮೊದಲು ದನದ ಹಟ್ಟಿಯ ಕೆಲಸ

ಗಳಲೆ ರೋಗ (ಗಂಟಲು ಬಾತು ಉಸಿರು ಕಟ್ಟುವುದು), ಚಪ್ಪೆ ಬೇನೆಯ (ತೊಡೆ, ಭುಜದ ಮಾಂಸ ಬಾತು ಕೊಳೆಯುವುದು) ಲಸಿಕೆ ಮೇ ಮಧ್ಯದೊಳಗೆ ಹಾಕಿಸಿ. ರಕ್ಷಣೆ ಬರಲು ಎರಡು ವಾರವಾದರೂ ಬೇಕು, ಜೂನ್ ಮೊದಲ ವಾರಕ್ಕೆ ಮಳೆ ಬಂದಾಗಿರುತ್ತದೆ.

ಗಾಳಿಮಳೆ ಹೊಡೆಯುವುದು ಪಡು ಬದಿಯಿಂದ. ಅಲ್ಲಿ ಟಾರ್ಪಾಲೋ ತೆಂಗಿನ ಮಡಲಿನ ತಟ್ಟಿಯೋ ಕಟ್ಟಿ, ಆದರೆ ಮಾಡಿನ (ಸೂರಿನ) ಕೆಳಗೆ ಒಂದಡಿ ಬಿಡಿ. ಪೂರ್ತಿ ಮುಚ್ಚಿದರೆ ಗಂಜಲದ ಘಾಟು ಒಳಗೇ ನಿಂತು ದನಗಳಿಗೆ ಕೆಮ್ಮು ಶುರು.

ನಿಜವಾದ ತಲೆನೋವು ನೆಲದ್ದು. ಸದಾ ಒದ್ದೆಯಲ್ಲಿ ನಿಂತರೆ ಗೊರಸು ಮೆತ್ತಗಾಗಿ, ಸಂದಿನ ಚರ್ಮ ಬಿರಿದು ಕೊಳೆಯುತ್ತದೆ. ಆರಡಿಗೆ ಸುಮಾರು ಎರಡು ಇಂಚು ಇಳಿಜಾರು ಇರಲಿ. ಒಂದು ಕೊಡ ನೀರು ಚೆಲ್ಲಿ ನೋಡಿ, ನಿಂತ ಕಡೆ ಈಗಲೇ ಸಿಮೆಂಟು ಹಾಕಿ. ನೆಲಕ್ಕೆ ಸೊಪ್ಪು ಹಾಸುವ ಹಟ್ಟಿಯಾದರೆ ತರಗೆಲೆ ಈಗಲೇ ಗೋಣಿಯಲ್ಲಿ ತುಂಬಿಡಿ. ಮಳೆಗೆ ಕೊಯ್ದ ಹಸಿ ಸೊಪ್ಪು ಒದ್ದೆ ಹೀರುವುದಿಲ್ಲ.

ಗೊರಸಿಗೆ ಹತ್ತು ಲೀಟರ್ ನೀರಿಗೆ 500 ಗ್ರಾಂ ಮೈಲುತುತ್ತು (ತಾಮ್ರದ ಸಲ್ಫೇಟ್) ಕರಗಿಸಿ, ವಾರಕ್ಕೆ ಎರಡು ಸಲ ಕಾಲು ಅದ್ದಿಸಿ. ಅಡಿಕೆಗೆ ಮದ್ದು ಬಿಡಲು ತಂದದ್ದೇ ಆಗುತ್ತದೆ. ಪ್ಲಾಸ್ಟಿಕ್ ಟಬ್ಬೇ ಬೇಕು, ಕಬ್ಬಿಣವನ್ನು ಅದು ತಿನ್ನುತ್ತದೆ. ಕಾಲು ತೊಳೆದೇ ಅದ್ದಿ, ಸೆಗಣಿ ಬೆರೆತರೆ ದ್ರಾವಣದ ಶಕ್ತಿ ಹೋಯಿತು. ದನ ಬಾಯಿ ಹಾಕದಂತೆ ನೋಡಿಕೊಳ್ಳಿ.

ಹಾಲು ಕರೆದ ಕೂಡಲೇ ಬೈಹುಲ್ಲು ಹಾಕಿ, ದನ ತಿನ್ನುತ್ತಾ ನಿಂತಿರಲಿ. ಮೊಲೆಯ ತೂತು ಮುಚ್ಚಲು ಅರ್ಧ ಗಂಟೆ ಬೇಕು. ಅಷ್ಟರೊಳಗೆ ಮಲಗಿದರೆ ಕೆಚ್ಚಲು ಬಾವು ಗ್ಯಾರಂಟಿ ಅಂತಲ್ಲ, ಆದರೆ ದಾರಿ ತೆರೆದಂತೆ.

ಹಿಂಡಿ ಗೋಣಿಯನ್ನು ಗೋಡೆಗೆ ತಾಗಿಸದೆ, ಹಲಗೆಯ ಮೇಲಿಡಿ. ಬೂಸ್ಟು ಬಂದದ್ದನ್ನು ಬೇಯಿಸಿ ಹಾಕುವವರಿದ್ದಾರೆ, ಬೇಡ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.