ಜಾಲರಿಗೆ ಕೊಟ್ಟ ವೋಲ್ಟೇಜು, ಎಲೆಕ್ಟ್ರಾನಿಗೆ ಸಿಗುವ ವೋಲ್ಟೇಜು

ಪ್ಲಾಸ್ಮಾದೊಳಗೆ (ಎಲೆಕ್ಟ್ರಾನು, ಅಯಾನುಗಳಾಗಿ ಒಡೆದ ಅನಿಲ) ಜಾಲರಿ ಇಟ್ಟು ಎಲೆಕ್ಟ್ರಾನುಗಳನ್ನು ಸೋಸುವಾಗ ಪವರ್ ಸಪ್ಲೈ ಮೀಟರಿನ ಅಂಕಿಯನ್ನೇ ನಂಬಿ ಕೂತರೆ ಲೆಕ್ಕ ತಪ್ಪುತ್ತದೆ. ತಂತಿಯ ಮೇಲಿನ ವೋಲ್ಟೇಜು ಒಂದು, ತೂತಿನ ನಡುವೆ ಇರುವುದು ಇನ್ನೊಂದು.

ನಾನು ಬಳಸಿದ್ದು 30 ಸೆಂ.ಮೀ. ವ್ಯಾಸ, 60 ಸೆಂ.ಮೀ. ಉದ್ದದ ಸ್ಟೀಲ್ ಚೇಂಬರ್. ಒಳಗೆ ಸುಮಾರು 0.0005 ಮಿಲಿಬಾರ್ ಆರ್ಗಾನ್. ಒಂದು ಅರ್ಧದಲ್ಲಿ ಮಾತ್ರ ಟಂಗ್‌ಸ್ಟನ್ ಫಿಲಮೆಂಟು, ಕಾದು ಎಲೆಕ್ಟ್ರಾನು ಚೆಲ್ಲುವ ಅದಕ್ಕೂ ಗೋಡೆಗೂ ನಡುವಿನ ಡಿಸ್ಚಾರ್ಜ್ 60 ವೋಲ್ಟ್. ನಡುವೆ, ಸೆರಾಮಿಕ್ ಬಿಲ್ಲೆಗಳ ಮೇಲೆ, ಇಂಚಿಗೆ 50 ಎಳೆಯ ಸ್ಟೇನ್‌ಲೆಸ್ ಜಾಲರಿ. ಎಳೆಯ ದಪ್ಪ 0.03 ಮಿ.ಮೀ., ತೂತು ಅರ್ಧ ಮಿ.ಮೀ.ಗೆ ತುಸು ಕಡಿಮೆ.

ತೂತಿನ ಅಳತೆ ಇಷ್ಟೇ ಏಕೆ? ಎಲೆಕ್ಟ್ರಾನ್ ತಾಪ 2 ಇ.ವಿ. (ಎಲೆಕ್ಟ್ರಾನ್-ವೋಲ್ಟ್, ಶಕ್ತಿಯ ಅಳತೆ), ಸಾಂದ್ರತೆ ಘನ ಸೆಂ.ಮೀ.ಗೆ 100 ಕೋಟಿ ಇದ್ದರೆ ಡಿಬೈ ಉದ್ದ (ಹೊರಗಿನ ವೋಲ್ಟೇಜನ್ನು ಪ್ಲಾಸ್ಮಾ ಮರೆಮಾಡುವ ದೂರ) 0.33 ಮಿ.ಮೀ. ಜಾಲರಿಯನ್ನು −20 ವೋಲ್ಟಿಗೆ ಇಳಿಸಿದರೆ ತಂತಿ ಸುತ್ತಲಿನ ಕವಚ (ಎಲೆಕ್ಟ್ರಾನುಗಳು ಹಿಂದೆ ಸರಿದ ಪದರ) ಸುಮಾರು 1.5 ಮಿ.ಮೀ. ಆಗುತ್ತದೆ. ಅಕ್ಕಪಕ್ಕದ ಕವಚಗಳು ಒಂದರೊಳಗೊಂದು ಬೆರೆತು ತೂತು ಮುಚ್ಚುತ್ತದೆ. ಅದೇ ಜಾಲರಿಯನ್ನು 100 ಪಟ್ಟು ಸಾಂದ್ರ ಪ್ಲಾಸ್ಮಾದಲ್ಲಿ ಇಟ್ಟು ನೋಡಿ: ಕವಚ 0.15 ಮಿ.ಮೀ.ಗೆ ಕುಗ್ಗಿ, ನಡುವಿನ ಸಂದಿಯಲ್ಲಿ ಪ್ಲಾಸ್ಮಾ ಸಲೀಸಾಗಿ ಸೋರುತ್ತದೆ. ಬಯಾಸ್ (ಜಾಲರಿಗೆ ಕೊಡುವ ವೋಲ್ಟೇಜು) ತಿರುಗಿಸಿದರೂ ಏನೂ ಬದಲಾಗುತ್ತಿಲ್ಲ ಎನ್ನುವವರು ಮೊದಲು ಈ ಲೆಕ್ಕ ಮಾಡಲಿ.

−20ರ ಆಸುಪಾಸೇ ಅತ್ಯಂತ ಸೊಗಸಾದ ಜಾಗ. 2 ಇ.ವಿ. ತಾಪದ ಮಂದಿಯೆಲ್ಲ ಹಿಂದಕ್ಕೆ. ಫಿಲಮೆಂಟಿನಿಂದ ಹೊರಟ 60 ಇ.ವಿ. ಎಲೆಕ್ಟ್ರಾನುಗಳು ಮಾತ್ರ ದಾಟಿ ಆಚೆ ಆರ್ಗಾನನ್ನು ಅಯಾನೀಕರಿಸುತ್ತವೆ. ಅಲ್ಲಿ ಹುಟ್ಟುವ ಎಲೆಕ್ಟ್ರಾನುಗಳು ತಣ್ಣಗಿರುತ್ತವೆ. ಈ ಉಪಾಯವನ್ನು ಜಪಾನಿನ ಸೆಂಡೈಯಲ್ಲಿ ಕಾತೊ, ಈಜುಕಾ, ಸಾತೊ 1994ರಲ್ಲಿ ವರದಿ ಮಾಡಿದ್ದರು.

60 ಇ.ವಿ.ಯವನ್ನೂ ತಡೆಯಬೇಕಿದ್ದರೆ −60 ಸಾಲದು. ಆಚೆ ಬದಿಯಲ್ಲಿ, ಜಾಲರಿಗೆ ಮುಖಮಾಡಿದ 6 ಮಿ.ಮೀ. ಟ್ಯಾಂಟಲಮ್ ಪ್ರೋಬಿನ (ಪ್ಲಾಸ್ಮಾದಿಂದ ಪ್ರವಾಹ ಹಿಡಿದು ಅಳೆಯುವ ಲೋಹದ ತುಂಡು) ವೋಲ್ಟೇಜು-ಪ್ರವಾಹ ವಕ್ರರೇಖೆಯಲ್ಲಿ ಅವುಗಳ ಬಾಲ ಇನ್ನೂ ಉಳಿದಿರುತ್ತದೆ. ತೂತಿನ ನಡುವಿನ ವಿಭವ (ಆ ಜಾಗದ ವೋಲ್ಟೇಜು) ತಂತಿಗಿಂತ ಕೆಲವು ವೋಲ್ಟ್ ಮೇಲಿರುವುದು ಒಂದು ಕಾರಣ. ಇನ್ನೊಂದು, ಫಿಲಮೆಂಟ್ ಕಾಯಿಸುವ 8 ವೋಲ್ಟ್. ಡಿಸ್ಚಾರ್ಜ್ ಸಪ್ಲೈನ ಋಣ ತುದಿಯನ್ನು ಫಿಲಮೆಂಟಿನ ಧನ ತುದಿಗೆ ಕಟ್ಟಿದರೆ ಅದರ ಮತ್ತೊಂದು ತುದಿ −68ರಲ್ಲಿರುತ್ತದೆ. ಋಣ ತುದಿಗೇ ಕಟ್ಟಿ, ಬಾಲ ಅಳಿಯುವ ತನಕ ಬಯಾಸ್ ಇಳಿಸಿ.

ಧನ ಬಯಾಸಿನಲ್ಲಿ ಬೇರೆಯೇ ತಕರಾರು. ಆರ್ಗಾನಿನಲ್ಲಿ ಎಲೆಕ್ಟ್ರಾನ್ ಹೀರುವ ವಿಸ್ತೀರ್ಣ ಗೋಡೆಯ ವಿಸ್ತೀರ್ಣದ ಸುಮಾರು 178ನೇ ಒಂದು ಭಾಗ ಮೀರಿದರೆ ಪ್ಲಾಸ್ಮಾದ ವಿಭವವೇ ಜಾಲರಿಯ ಬೆನ್ನುಹತ್ತಿ ಮೇಲೇರುತ್ತದೆ. ಈ ಚೇಂಬರಿಗೆ ಆ ಮಿತಿ 40 ಚ.ಸೆಂ.ಮೀ.; ಅಡ್ಡಗಟ್ಟಿದ ಜಾಲರಿ ಹೀರುವುದು 100ಕ್ಕೂ ಹೆಚ್ಚು. ಎಲೆಕ್ಟ್ರಾನ್ ಕವಚ (ಧನ ಜಾಲರಿಯ ಸುತ್ತ ಎಲೆಕ್ಟ್ರಾನುಗಳೇ ತುಂಬಿದ ಪದರ) ನೋಡಬೇಕೆಂದರೆ 6 ಸೆಂ.ಮೀ. ವ್ಯಾಸದ ಜಾಲರಿ ಹಾಕಿ, ಪ್ಲಾಸ್ಮಾ ವಿಭವವನ್ನು ಕಾದ ತಂತಿಯ ಪ್ರೋಬಿನಿಂದ ಬೇರೆಯಾಗಿ ಅಳೆಯಿರಿ.

ಬಯಾಸ್ ಏರಿಸುವಾಗೊಂದು, ಇಳಿಸುವಾಗೊಂದು ರೇಖೆ ಬಂದರೆ ತಂತಿಗೆ ಪಂಪಿನ ಎಣ್ಣೆ ಅಂಟಿರಬಹುದು. ಪ್ರೋಬನ್ನಾದರೆ ಎಲೆಕ್ಟ್ರಾನ್ ಪ್ರವಾಹದಿಂದ ಕೆಂಪಗೆ ಕಾಯಿಸಿ ಶುದ್ಧ ಮಾಡಬಹುದು. ಜಾಲರಿಗೆ ಅದು ಬೇಡ, ಜೋತುಬಿದ್ದು ತೂತುಗಳ ಅಳತೆ ಕೆಡುತ್ತದೆ. ಬಿಚ್ಚಿ ಅಸಿಟೋನಿನಲ್ಲಿ ತೊಳೆಯಿರಿ.