ಗಂಟಲಿನಲ್ಲಿ ಗುಳ್ಳೆ ಕಂಡಾಗ ಮೊದಲು ನೋಡಬೇಕಾದ್ದು

ಗಂಟಲು ಕೆರೆಯುತ್ತಿದೆಯೆಂದು ಕನ್ನಡಿಯ ಮುಂದೆ ಬಾಯಿ ತೆರೆದವರು, ನಾಲಿಗೆಯ ಬುಡದಲ್ಲಿ ಸಾಲುಗಟ್ಟಿ ಕುಳಿತ ದಪ್ಪ ಗುಳ್ಳೆಗಳನ್ನು ಕಂಡು ಗಾಬರಿಯಾಗುವುದುಂಟು. ಸಾಮಾನ್ಯವಾಗಿ 8ರಿಂದ 12ರಷ್ಟಿರುವ ಇವು ರುಚಿಮೊಗ್ಗುಗಳನ್ನು ಹೊತ್ತ ಸಹಜ ಉಬ್ಬುಗಳು. ಉಜ್ಜಿ ಕೆರೆದು ಹುಣ್ಣು ಮಾಡಿಕೊಳ್ಳದಿದ್ದರೆ ಸಾಕು.

ಸರಿಯಾಗಿ ನೋಡಲು, ಬಾಯಿ ಮುಕ್ಕಳಿಸಿ, ಮೊಬೈಲ್ ಟಾರ್ಚಿನ ಬೆಳಕು ಬಿಟ್ಟು, ಚಮಚದ ಹಿಡಿಯಿಂದ ನಾಲಿಗೆಯನ್ನು ಮೆಲ್ಲಗೆ ಒತ್ತಿ ‘ಆ’ ಎನ್ನಬೇಕು. ಆಗ ಕಿರುನಾಲಿಗೆಯ ಹಿಂದೆ ಗಂಟಲಿನ ಗೋಡೆ ಕಾಣುತ್ತದೆ. ಜ್ವರದಿಂದ ಜೊಲ್ಲು ಸುರಿಸುತ್ತ ಉಸಿರಿಗೆ ಕಷ್ಟಪಡುವ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಆ ಗೋಡೆಯ ಮೇಲೆ ಬೆಂದ ಸಬ್ಬಕ್ಕಿ ಅಂಟಿಸಿದಂತೆ ನಸುಗೆಂಪು ಉಬ್ಬುಗಳಿದ್ದರೆ, ಅದು ಹೆಚ್ಚಾಗಿ ಅಲ್ಲಿನ ರೋಗನಿರೋಧಕ ಅಂಗಾಂಶ ಊದಿಕೊಂಡಿರುವುದರ ಗುರುತು. ಶೀತ ಅಥವಾ ಧೂಳಿನ ಅಲರ್ಜಿಯಿಂದ ಮೂಗಿನ ಹಿಂಬದಿಯಲ್ಲಿ ಇಳಿಯುವ ಕಫವೂ, ಮಲಗಿದಾಗ ಮೇಲೇರುವ ಹೊಟ್ಟೆಯ ಆಮ್ಲವೂ ಇದಕ್ಕೆ ಕಾರಣವಾಗುತ್ತವೆ. ಉಪ್ಪುನೀರು ಗಂಟಲಿಗೆ ಹಿತವೆನಿಸಿದರೂ ಮೂಲವನ್ನು ಮುಟ್ಟುವುದಿಲ್ಲ; ಹುಳಿತೇಗು ಇರುವವರು ಮಲಗುವ 3 ಗಂಟೆ ಮೊದಲೇ ಊಟ ಮುಗಿಸುವುದು ಹೆಚ್ಚು ಫಲ ಕೊಡುತ್ತದೆ.

ಮಕ್ಕಳಲ್ಲಿ ದಿಢೀರ್ ಜ್ವರ ಬಂದು, ಮೃದು ಅಂಗುಳಿನಲ್ಲಿ ಕೆಂಪು ಅಂಚಿನ ಪುಟ್ಟ ನೀರ್ಗುಳ್ಳೆಗಳೆದ್ದರೆ ಕಾಕ್ಸ್‌ಸಾಕಿ ಗುಂಪಿನ ವೈರಾಣುವನ್ನು ಶಂಕಿಸಬೇಕು. ಅಂಗೈ, ಅಂಗಾಲಿನಲ್ಲೂ ಗುಳ್ಳೆಯಿದ್ದರೆ ಅದು ಕೈ-ಕಾಲು-ಬಾಯಿ ರೋಗವಿರಬಹುದು. ಎರಡೂ ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ, ಆ್ಯಂಟಿಬಯೋಟಿಕ್‌ಗೆ ಇಲ್ಲಿ ಕೆಲಸವಿಲ್ಲ. ನಿಜವಾದ ಚಿಂತೆಯೆಂದರೆ, ನುಂಗಲಾರದ ಮಗು ನೀರನ್ನೇ ಬಿಟ್ಟುಬಿಡುತ್ತದೆ. ಖಾರದ ಸಾರು, ಹುಳಿ ಮಜ್ಜಿಗೆ ಉರಿ ಹೆಚ್ಚಿಸುವುದರಿಂದ ಆರಿದ ಗಂಜಿ, ಎಳನೀರನ್ನು ಗುಟುಕು ಗುಟುಕಾಗಿ ಕುಡಿಸಿ, ಮೂತ್ರ ಕಡಿಮೆಯಾದರೆ ವೈದ್ಯರಿಗೆ ತೋರಿಸಬೇಕು.

ಟಾನ್ಸಿಲ್ ಮೇಲಿನ ಬಿಳಿ ಚುಕ್ಕೆ ನೋವಿಲ್ಲದೆ ದುರ್ವಾಸನೆ ಬೀರುತ್ತಿದ್ದರೆ ಅದು ಗಟ್ಟಿಯಾದ ಕಸವಿರಬಹುದು, ಕಡ್ಡಿಯಿಂದ ಕೀಳಬಾರದು. ಕೆಮ್ಮಿಲ್ಲದೆ ಜ್ವರ, ಕೀವು, ಕುತ್ತಿಗೆಯಲ್ಲಿ ನೋಯುವ ಗಂಟು ಇದ್ದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಪರೀಕ್ಷೆ ಮಾಡಿಸಬೇಕು. ಚಿಕಿತ್ಸೆಯಿಲ್ಲದೆ ಬಿಟ್ಟ ಈ ಸೋಂಕು ಮುಂದೆ ರುಮ್ಯಾಟಿಕ್ ಜ್ವರವಾಗಿ ಹೃದಯದ ಕವಾಟಗಳನ್ನು ಕೆಡಿಸಬಲ್ಲದು. ಬರೆದುಕೊಟ್ಟ ಮಾತ್ರೆಗಳನ್ನು ಅರ್ಧಕ್ಕೆ ನಿಲ್ಲಿಸಬಾರದು. ಆಸ್ತಮಾಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಸೇದಿ ಬಾಯಿ ತೊಳೆಯದವರಲ್ಲಿ ಕಾಣುವ ಬಿಳಿ ಪದರ ಬಹುಪಾಲು ಶಿಲೀಂಧ್ರದ್ದು.

ಒಂದೇ ಬದಿಯ ಗಟ್ಟಿ ಉಬ್ಬು, 3 ವಾರವಾದರೂ ಮಾಯದ ಹುಣ್ಣು, ಬದಲಾದ ದನಿ, ಕುತ್ತಿಗೆಯ ಗಂಟು ಇವುಗಳಲ್ಲಿ ಒಂದಿದ್ದರೂ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಹೋಗಬೇಕು. ಹೊಗೆಸೊಪ್ಪು, ಗುಟ್ಕಾ ಜಗಿಯುವವರು, ಬೀಡಿ-ಸಿಗರೇಟು ಸೇದುವವರು ನೋವಿಲ್ಲವೆಂದು ಸುಮ್ಮನಿರಕೂಡದು. ಗಂಟಲಿನ ಕ್ಯಾನ್ಸರ್ ಆರಂಭದಲ್ಲಿ ನೋಯದೆಯೂ ಇರುತ್ತದೆ.