ಇದ್ದಿಲ ಗುರುತು ಹಿಡಿದು ಮನೆ ರಿಪೇರಿ

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಪಕ್ಕದ ಒಂಟಿ ಮನೆ. ನಮ್ಮ ಯಜಮಾನರ ಅಜ್ಜ ಕಟ್ಟಿಸಿದ್ದು. ನಡುವೆ ಮೇಲೆ ತೆರೆದಿರುವ ಸಣ್ಣ ಒಳಅಂಗಳ, ಅಂದರೆ ತೊಟ್ಟಿ, ಮುಂದೆ ಜಗಲಿ, ಹಿಂದೆ ಬಚ್ಚಲು, ಅಂಗಳದಾಚೆ ಕೊಟ್ಟಿಗೆ. 2021ರಲ್ಲಿ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದಾಗ ಮನೆ ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು. "ಕೆಡವಿ ಆರ್‌ಸಿಸಿ ಹಾಕ್ಸಿ. ರಗಳೆನೇ ಇರಲ್ಲ."

ರಗಳೆ ಇರುತ್ತದೆ. ನಮ್ಮ ಸುತ್ತಮುತ್ತ ತಾರಸಿ ಹಾಕಿಸಿದವರು ಬಹಳಷ್ಟು ಜನ ನಾಲ್ಕಾರು ವರ್ಷಕ್ಕೇ ಅದರ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹೊದಿಸಿದ್ದಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಏನೂ ಕಡಿಮೆಯಿಲ್ಲ. ಚಪ್ಪಟೆ ತಾರಸಿ ಕಟ್ಟಿ, ಅದರ ಮೇಲೆ ಮತ್ತೆ ಇಳಿಜಾರು ಛಾವಣಿ ಹಾಕಿಸುವುದಾದರೆ, ಇರುವ ಇಳಿಜಾರು ಹೆಂಚಿನ ಮಾಡನ್ನೇ ಸರಿ ಮಾಡಿಸಬಾರದೇಕೆ ಅನ್ನಿಸಿತು.

ನಾನಂತೂ ಮಾರನೇ ದಿನವೇ ಕೆಲಸ ಶುರು ಮಾಡುವ ಹುರುಪಿನಲ್ಲಿದ್ದೆ. ತಡೆದದ್ದು ಅತ್ತೆ. "ಒಂದು ಮಳೆಗಾಲ ಈ ಮನೇಲಿ ಕಳಿ ಮಾರಾಯ್ತಿ. ಆಮೇಲೆ ಏನು ಬೇಕಾದ್ರೂ ಒಡಿ."

ಆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮಾಡಿದ್ದು ಇಷ್ಟೇ. ಸೋರುವಲ್ಲಿ ಪಾತ್ರೆ ಇಡುವುದು, ಪಕ್ಕದ ಗೋಡೆಗೆ ಗುರುತು ಹಾಕುವುದು. ಮೊದಲು ಸೀಮೆಸುಣ್ಣದಲ್ಲಿ ಬರೆದೆ. ಒದ್ದೆ ಗೋಡೆ ಅಲ್ವಾ, ಬೆಳಗಾಗುವಷ್ಟರಲ್ಲಿ ಮಾಯ. ಆಮೇಲೆ ಬಚ್ಚಲ ಒಲೆಯಿಂದ ಇದ್ದಿಲು ತಂದು ಗೀಟು ಹಾಕತೊಡಗಿದೆ. ಗೀಟಿನ ಪಕ್ಕ ಯಾವ ನಕ್ಷತ್ರದ ಮಳೆ ಅಂತ ಬರೆದೆ: ಆರಿದ್ರೆ, ಪುನರ್ವಸು, ಪುಷ್ಯ. ಗಾಳಿ ಯಾವ ಕಡೆಯಿಂದ ಬಂತು ಅಂತ ಒಂದು ಬಾಣ. ಮನೆಗೆ ಬಂದವರು ಇದೇನು, ಮಕ್ಕಳು ಗೀಚಿದ್ದಾ ಅಂತ ಕೇಳುತ್ತಿದ್ದರು.

ಮಳೆಗಾಲ ಮುಗಿದಾಗ 23 ಗುರುತು. ಅದರಲ್ಲಿ 14 ಗುರುತು ತೊಟ್ಟಿಯ ನಾಲ್ಕು ಮೂಲೆಗಳಲ್ಲೇ ಇದ್ದವು. ಅಂದರೆ ಎರಡು ಇಳಿಜಾರು ಬಂದು ಸೇರುವ ಜಾಗ. ಐದು ಗುರುತು ಮಂಗಗಳು ಒಡೆದ ಹೆಂಚಿನ ಕೆಳಗೆ. ಉಳಿದ ನಾಲ್ಕು ಪಡುವಣ ಗೋಡೆಯವು. ಅಲ್ಲಿ ಮೇಲಿಂದ ಒಂದು ಹನಿಯೂ ಸೋರುತ್ತಿರಲಿಲ್ಲ. ಗಾಳಿಗೆ ಹೊಡೆಯುವ ಇರಚಲು ಗೋಡೆಯನ್ನೇ ನೆನೆಸುತ್ತಿತ್ತು. ಹಿಂದೆಲ್ಲ ಮಳೆಗಾಲಕ್ಕೆ ಮುಂಚೆ ಆ ಗೋಡೆಗೆ ಅಡಿಕೆ ಸೋಗೆಯ ತಡಿಕೆ ಕಟ್ಟುತ್ತಿದ್ದರಂತೆ. ಆಳು ಸಿಗದೆ ಅದು ನಿಂತುಹೋಗಿ ಹತ್ತಾರು ವರ್ಷವಾಗಿತ್ತು. ಇಡೀ ಮಾಡನ್ನೇ ಬಿಚ್ಚಿ ಹೊಸದು ಹಾಕಿಸಿದ್ದರೂ ಆ ನಾಲ್ಕು ಗುರುತು ಹಾಗೇ ಇರುತ್ತಿದ್ದವು.

ಕೆಲಸ ಶುರುವಾಗಿದ್ದು 2022ರ ಫೆಬ್ರವರಿಯಲ್ಲಿ. ಡಿಸೆಂಬರ್, ಜನವರಿ ನಮ್ಮ ಕಡೆ ಅಡಿಕೆ ಕೊಯ್ಲಿನ ಕಾಲ. ಆಗ ಗಾರೆಯವರನ್ನು ಹುಡುಕುವುದು ಸುಮ್ನೆ ಕಾಲಹರಣ.

ಮಾಡಿನ ಕೆಲಸಕ್ಕೆ ಬಂದವರು ಪಕ್ಕದೂರಿನ ಆಚಾರ್ರು, ಅರವತ್ತು ದಾಟಿದವರು. ನಮ್ಮ ಮಾಡು ಸುಮಾರು 14 ಚದರ, ಅಂದರೆ 1,400 ಚದರಡಿ. ಚದರಕ್ಕೆ 140 ಹೆಂಚಿನ ಲೆಕ್ಕದಲ್ಲಿ ಎರಡು ಸಾವಿರದ ಹತ್ತಿರ. ಎಲ್ಲ ಇಳಿಸಿ ಅಂಗಳದಲ್ಲಿ ಜೋಡಿಸಿದೆವು. ಆಚಾರ್ರು ಒಂದೊಂದನ್ನೂ ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನ ಗೆಣ್ಣಿನಿಂದ ಕುಟ್ಟುತ್ತಿದ್ದರು. ಟಣ್ ಅಂದರೆ ಒಂದು ಕಡೆ, ಡಬ್ ಅಂದರೆ ಇನ್ನೊಂದು ಕಡೆ. ಕಣ್ಣಿಗೆ ಏನೂ ಕಾಣದ ಹೆಂಚೂ ಡಬ್ ಎನ್ನುತ್ತಿತ್ತು. ಬಿಸಿಲಿಗೆ ಹಿಡಿದು ನೋಡಿದರೆ ಕೂದಲೆಳೆಯಂಥ ಬಿರುಕು. ಎರಡನೇ ದಿನ ನಾನೂ ಕುಟ್ಟಲು ಕೂತೆ. ಸಂಜೆಯ ಹೊತ್ತಿಗೆ ಗೆಣ್ಣು ಕೆಂಪಾಗಿತ್ತು, ಆದರೆ ಕಿವಿ ಪಳಗಿತ್ತು. 340 ಹೆಂಚು ಹೊರಗೆ ಬಿದ್ದವು.

ಕೆಲವು ಹೆಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಅಚ್ಚು ಇತ್ತು. ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದವರು ಅವರೇ. ನಮ್ಮ ಮಾಡಿನಲ್ಲಿ ಒಟ್ಟು ಮೂರು ಕಾರ್ಖಾನೆಯ ಹೆಂಚು ಬೆರೆತಿದ್ದವು. ಒಂದು ಕಾರ್ಖಾನೆಯ ಹೆಂಚಿನ ಕಚ್ಚಿಗೆ ಇನ್ನೊಂದರದ್ದು ಸರಿಯಾಗಿ ಕೂರುವುದಿಲ್ಲ. ಒಡೆದಾಗಲೆಲ್ಲ ಸಿಕ್ಕಿದ್ದನ್ನು ತುರುಕಿದ್ದರಿಂದ ಅಲ್ಲಲ್ಲಿ ಸಂದು ಬಿಟ್ಟಿತ್ತು. ಈ ಸಲ ಒಂದೊಂದು ಇಳಿಜಾರಿಗೆ ಒಂದೊಂದು ಕಾರ್ಖಾನೆಯದ್ದು ಅಂತ ಬೇರ್ಪಡಿಸಿ ಹೊದಿಸಿದೆವು. ಕೊರತೆ ಬಿದ್ದದ್ದನ್ನು ಕೊಪ್ಪದ ಕಡೆ ಕೆಡವಿದ ಮನೆಯೊಂದರಿಂದ ತಂದೆವು. ಅಚ್ಚು ನೋಡಿ, ಕುಟ್ಟಿ ನೋಡಿ.

ತೊಟ್ಟಿಯ ಮೂಲೆಗಳಲ್ಲಿ ಮೊದಲಿದ್ದ ತಗಡು ಒಂದಡಿ ಅಗಲದ್ದು. ಪುಷ್ಯ ಮಳೆಯ ನೀರಿಗೆ ಅದು ಯಾವ ಮೂಲೆಗೆ? ಎರಡಡಿ ಅಗಲದ ತಗಡು ಹಾಕಿ, ಎರಡೂ ಅಂಚನ್ನು ಮೇಲಕ್ಕೆ ಮಡಚಿಸಿದೆವು. ಪಡುವಣ ಕಡೆ ಮಾಡಿನ ಪಕಾಸಿ ಮರಕ್ಕೆ ತುಂಡು ಜೋಡಿಸಿ ಸೂರನ್ನು ಎರಡಡಿ ಮುಂದಕ್ಕೆ ಎಳೆದೆವು. ಇಡೀ ರಿಪೇರಿಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸುಖ ಕೊಟ್ಟದ್ದು ಈ ಎರಡಡಿ.

ಪಕಾಸಿ, ರೀಪುಗಳಿಗೆ ಗೇರೆಣ್ಣೆ ಬಳಿದೆವು. ಒರಲೆಗೆ, ಅಂದರೆ ಗೆದ್ದಲಿಗೆ, ನಮ್ಮ ಕಡೆಯ ಹಳೆಯ ಮದ್ದು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ ಅದು, ಚರ್ಮಕ್ಕೆ ತಾಗಿದರೆ ಸುಡುತ್ತದೆ. ನಾನು ಗ್ಲೌಸ್ ಹಾಕಿದ್ದೆ, ಆದರೆ ಬೆವರು ಒರೆಸಿಕೊಳ್ಳುವಾಗ ಮೊಣಕೈ ಮರೆತಿದ್ದೆ. ಆ ಗುಳ್ಳೆಯ ಕಲೆ ಈಗಲೂ ಇದೆ. ಅಂದಹಾಗೆ, ಅಡುಗೆಮನೆಯ ಪಕಾಸಿಗಳಿಗೆ ಮಾತ್ರ ಒಂದು ಹುಳವೂ ಬಿದ್ದಿರಲಿಲ್ಲ. ವರ್ಷಗಟ್ಟಲೆ ಹೊಗೆ ಕುಡಿದು ಕರ್ರಗೆ ಕಬ್ಬಿಣದಂತಾಗಿದ್ದವು. ಗ್ಯಾಸ್ ಬಂದ ಮೇಲೆ ಕಟ್ಟಿದ ಹಿಂದಿನ ಕೋಣೆಯದ್ದಕ್ಕೆ ಪೂರ್ತಿ ಕುಟ್ಟೆ ಹುಳ ಹಿಡಿದಿತ್ತು.

ಇನ್ನು ಗೋಡೆಯ ಕಥೆ. ಇಲ್ಲಿ ನಾನು ದಡ್ಡತನ ಮಾಡಿದೆ.

ನಮ್ಮದು ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಬಚ್ಚಲ ಪಕ್ಕದ ಗೋಡೆ ಕೆಳಗಿನ ಮೂರಡಿ ಉದುರುತ್ತಿತ್ತು. ಪೇಟೆಯಿಂದ ಬಂದ ಒಬ್ಬ ಗುತ್ತಿಗೆದಾರ, "ಮೇಡಂ, ಸಿಮೆಂಟ್ ಪ್ಲಾಸ್ಟರ್ ಹೊಡ್ದು ವಾಟರ್‌ಪ್ರೂಫ್ ಹಾಕಿದ್ರೆ ಇಪ್ಪತ್ತು ವರ್ಷ ನೋಡ್ಬೇಕಿಲ್ಲ" ಅಂದ. ಹೊಡೆಸಿದೆ. ಕನ್ನಡಿಯ ಹಾಗೆ ನುಣ್ಣಗಾಯಿತು. ಆಚಾರ್ರು ನೋಡಿ ಏನೂ ಹೇಳಲಿಲ್ಲ. ನಾನೇ ಕೇಳಿದ್ದಕ್ಕೆ, "ಚೆನಾಗಿದೆ ಅಮ್ಮ. ಈ ಮಳೆ ಕಳೀಲಿ" ಅಂದರು.

ಆ ಮಳೆ ಕಳೆಯಲಿಲ್ಲ. ಜುಲೈ ಕೊನೆಗೆ ಪ್ಲಾಸ್ಟರ್ ಅಲ್ಲಲ್ಲಿ ಉಬ್ಬಿತು. ಕುಟ್ಟಿದರೆ ಬಿರುಕು ಬಿಟ್ಟ ಹೆಂಚಿನ ಹಾಗೇ ಡಬ್! ಆಗಸ್ಟಿನಲ್ಲಿ ಒಂದು ರಾತ್ರಿ ದಡಾರನೆ ಸದ್ದಾಯಿತು. ಹೋಗಿ ನೋಡಿದರೆ ಬಾಗಿಲಗಲದ ಚಕ್ಕೆ ಹಾಗೇ ಕಳಚಿ ಬಿದ್ದಿದೆ. ಹಿಂದಿನ ಮಣ್ಣು ಹಿಸುಕಿದರೆ ಕೈಯಲ್ಲಿ ಉಂಡೆ ಕಟ್ಟುವಷ್ಟು ಒದ್ದೆ.

ಮಣ್ಣಿನ ಗೋಡೆ ನೆಲದಿಂದ ಪಸೆ ಎಳೆದುಕೊಳ್ಳುತ್ತದೆ, ಮೈಯಿಂದ ಬಿಟ್ಟುಕೊಡುತ್ತದೆ. ಸಿಮೆಂಟ್ ಅದರ ಮೈ ಮುಚ್ಚಿಬಿಟ್ಟಿತ್ತು. ಒಳಗೆ ಬಂದ ಪಸೆಗೆ ಹೋಗಲು ದಾರಿಯಿಲ್ಲದೆ ಗೋಡೆ ಒಳಗೇ ಕೊಳೆಯುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಉಳಿದ ಸಿಮೆಂಟನ್ನೂ ಕಿತ್ತೆವು. ಈ ಸಲ ಮೊದಲು ಗೋಡೆಯ ಹೊರಗೆ ಅಗೆದೆವು. ವರ್ಷ ವರ್ಷ ಮಣ್ಣು ಬಂದು ಕೂತು ಆ ಕಡೆಯ ನೆಲ ಒಳಗಿನ ನೆಲಕ್ಕಿಂತಲೂ ಎತ್ತರವಾಗಿತ್ತು. ಮುಕ್ಕಾಲು ಅಡಿ ತೆಗೆದಾಗ ಹಳೆಯ ಪಾಯದ ಜಂಬಿಟ್ಟಿಗೆ ಕಲ್ಲು ಕಾಣಿಸಿತು. ಅದರ ಪಕ್ಕಕ್ಕೇ ಒಂದು ಚರಂಡಿ ತೋಡಿ, ಜಲ್ಲಿ ತುಂಬಿ, ನೀರು ತೋಟದ ಕಡೆ ಹೋಗುವಂತೆ ಮಾಡಿದೆವು. ಗಾರೆಗೆ ಸುಣ್ಣ. ಗುಂಡಿಯಲ್ಲಿ ಮೂರು ವಾರ ನೀರಲ್ಲಿ ನೆನೆಸಿಟ್ಟ ಸುಣ್ಣ ಬೆಣ್ಣೆಯಂತಾಗಿತ್ತು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರಲ್ಲಿ ಕಲಸಿದರು. ಒಣಗಲು ಬಿಡದೆ ಹದಿನೈದು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸುವುದು ನನ್ನ ಪಾಲಿನ ಕೆಲಸ. ಸಿಮೆಂಟಿನಷ್ಟು ನುಣುಪಿಲ್ಲ. ಮಳೆಗಾಲದಲ್ಲಿ ಬಣ್ಣ ಸ್ವಲ್ಪ ಮಂಕಾಗುತ್ತದೆ, ದೀಪಾವಳಿ ಹೊತ್ತಿಗೆ ಮತ್ತೆ ಬೆಳ್ಳಗಾಗುತ್ತದೆ. ಉದುರಿಲ್ಲ.

ತೊಟ್ಟಿಗೆ ಏನು ಮಾಡುವುದು ಅಂತ ಮನೆಯಲ್ಲಿ ಜಗಳವೇ ಆಯಿತು. ಮುಚ್ಚಿದರೆ ತೊಟ್ಟಿ ಯಾಕೆ ಅಂತ ಇವರು. ನಾಲ್ಕು ತಿಂಗಳು ಕಾಲು ಒದ್ದೆ ಮಾಡಿಕೊಂಡು ಓಡಾಡುವವಳು ನಾನು ಅಂತ ಅತ್ತೆ. ಅತ್ತೆ ಗೆದ್ದರು. ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟ್ ಹಾಕಿಸಿದೆವು, ಮಾಡಿಗೆ ಅಂಟಿಕೊಂಡ ಹಾಗೆ. ಮಾರ್ಚಿಗೆ ಮನೆಯ ನಡುಭಾಗ ಕಾವಲಿಯಾಯಿತು. ಬಿಸಿ ಗಾಳಿ ಮೇಲೆ ಹೋಗುವ ಕಿಂಡಿಯನ್ನೇ ಮುಚ್ಚಿದ್ದೆವು. ಆಮೇಲೆ ಅದನ್ನು ಒಂದೂವರೆ ಅಡಿ ಎತ್ತರಿಸಿ, ನಾಲ್ಕೂ ಕಡೆ ಹೊರಗೆ ಚಾಚಿಸಿ, ಸಂದಿಗೆ ಬಲೆ ಹೊಡೆಸಿದೆವು. ಈಗ ಗಾಳಿ ಬರುತ್ತದೆ, ನೀರು ಬರುವುದಿಲ್ಲ. ಗುಬ್ಬಿಗಳು ಬರುವುದಿಲ್ಲ ಅಂತ ಇವರಿಗೆ ಬೇಜಾರು ಇನ್ನೂ ಇದೆ.

ನೆಲಕ್ಕೆ ಟೈಲ್ಸ್ ಬೇಡ ಅಂದದ್ದು ನಾನು. ಮಳೆಗಾಲದಲ್ಲಿ ಟೈಲ್ಸ್ ಮೇಲೆ ನೀರು ಬೆವರಿದ ಹಾಗೆ ನಿಲ್ಲುತ್ತದೆ, ಅತ್ತೆ ಒಂದು ಸಲ ಮಗಳ ಮನೆಯಲ್ಲಿ ಜಾರಿ ಬಿದ್ದಿದ್ದರು. ಪಡಸಾಲೆಗೆ ರೆಡ್ ಆಕ್ಸೈಡ್ ಹಾಕಿಸಿದೆವು. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಕೆಂಪು. ಈ ಕೆಲಸ ಬಲ್ಲವರು ಈಗ ಕಡಿಮೆ. ಒಂದು ಕೋಣೆ ಶುರು ಮಾಡಿದರೆ ಅದೇ ದಿನ ಮುಗಿಸಬೇಕು. ನಾವು ದೇವರ ಕೋಣೆಯ ಮುಂದೆ ಕತ್ತಲಾಯಿತು ಅಂತ ನಿಲ್ಲಿಸಿ ಮಾರನೇ ದಿನ ಮುಂದುವರಿಸಿದ್ದಕ್ಕೆ ಅಲ್ಲಿ ಅಡ್ಡಕ್ಕೆ ಒಂದು ಗೆರೆ ಬಿದ್ದಿದೆ. ಎಷ್ಟು ಉಜ್ಜಿದರೂ ಹೋಗಿಲ್ಲ. ಒಂದು ವಾರ ನೀರು ನಿಲ್ಲಿಸಿ, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಉಜ್ಜಬೇಕು. ಮೊದಲ ಆರು ತಿಂಗಳು ಸಾಧಾರಣವಾಗಿ ಕಾಣುತ್ತಿತ್ತು. ನಡೆದಾಡಿ ನಡೆದಾಡಿ ಹೊಳಪು ಬಂದಿದೆ.

ಅಡುಗೆಮನೆಗೆ ಹೆಚ್ಚು ಮಾಡಿದ್ದೇನಿಲ್ಲ. ಪಡಸಾಲೆ ಕಡೆಯ ಗೋಡೆಯನ್ನು ಅರ್ಧಕ್ಕೆ ಇಳಿಸಿದೆವು, ಮಾಡಿಗೆ ನಾಲ್ಕು ಗಾಜಿನ ಹೆಂಚು ಹಾಕಿದೆವು. ನಾಲ್ಕು ಜಾಸ್ತಿಯಾಯಿತು, ಎರಡು ಸಾಕಿತ್ತು. ಒಲೆಕಟ್ಟೆಯ ಮೇಲಿನ ಎರಡನ್ನು ಏಪ್ರಿಲ್ ಬಂದರೆ ಗೋಣಿಚೀಲದಿಂದ ಮುಚ್ಚುತ್ತೇನೆ. ಬಚ್ಚಲ ಹಂಡೆ, ಸೌದೆ ಒಲೆ ಹಾಗೇ ಉಳಿಸಿಕೊಂಡೆವು. ಅತ್ತೆಯ ಕೋಣೆಗೆ ತಾಗಿದಂತೆ ಕಮೋಡ್ ಇರುವ ಸಣ್ಣ ಬಾತ್‌ರೂಮ್ ಕಟ್ಟಿಸಿದೆವು. ಹೊಸ ಗೋಡೆ ಅದೊಂದೇ. ಆಧುನಿಕ ಅಂತ ಏನೇ ಹೇಳಿದರೂ, ಮಳೆಯ ರಾತ್ರಿ ಕೊಡೆ ಹಿಡಿದು ಹೊರಗೆ ಹೋಗುವುದು ತಪ್ಪಿದ್ದೇ ಅವರಿಗೆ ದೊಡ್ಡ ರಿಪೇರಿ. ವೈರಿಂಗನ್ನು ಗೋಡೆ ಕೊರೆಯದೆ ಹೊರಗಿನಿಂದಲೇ ಪೈಪಿನಲ್ಲಿ ಎಳೆಸಿದೆವು.

ಹೊರಗೆ, ಕೊಟ್ಟಿಗೆಯಲ್ಲಿ ದನ ಇಲ್ಲದೆ ಬಹಳ ವರ್ಷವಾಗಿತ್ತು. ಮೂರು ಕಡೆ ಗೋಡೆ ಮೊದಲೇ ಇತ್ತು, ನಾಲ್ಕನೆಯ ಕಡೆ ಅಡಿಕೆ ದಬ್ಬೆ ಸೀಳಿ ಜಾಲಂದ್ರ ಮಾಡಿಸಿದೆವು. ಇವರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು ಅಲ್ಲೇ. ಗೋದಲಿ ಕೆಡವಲಿಲ್ಲ, ಮೇಲೆ ಹಲಗೆ ಇಟ್ಟು ಮೇಜು ಮಾಡಿದೆವು. ಕಾಲುದಾರಿಗೆ ಜಂಬಿಟ್ಟಿಗೆ ಹಾಸಿ, ಕಲ್ಲಿಗೂ ಕಲ್ಲಿಗೂ ನಡುವೆ ಎರಡು ಬೆರಳು ಸಂದಿ ಬಿಟ್ಟೆವು. ನೀರು ಅಲ್ಲೇ ಇಂಗುತ್ತದೆ. ಪಾಚಿ ಮಾತ್ರ ಕಟ್ಟುತ್ತದೆ. ವಾರಕ್ಕೊಮ್ಮೆ ಸುಣ್ಣದ ಪುಡಿ ಉದುರಿಸಿ ಗುಡಿಸಬೇಕು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಲಿಲ್ಲ. ಅಡಿಕೆ ಒಣಗಿಸುವ ಚಪ್ಪರದ ಕಂಬ ನೆಡಬೇಕಲ್ಲ.

ಜಗಲಿಯ ಗೋಡೆಗೆ ಹಸೆ ಚಿತ್ತಾರ ಬರೆಸುವ ಆಸೆಯಿತ್ತು. ಸಾಗರದ ಕಡೆಯ ದೀವರ ಸಮುದಾಯದ ಹೆಣ್ಣುಮಗಳೊಬ್ಬರು ಬಂದರು. ಕೆಮ್ಮಣ್ಣು ಸಾರಿಸಿ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಗೆರೆ ಎಳೆಯುವಾಗ ಉಸಿರನ್ನೂ ಬಿಡುತ್ತಿರಲಿಲ್ಲವೇನೋ ಅನ್ನಿಸುತ್ತಿತ್ತು. ನೆಲದಿಂದ ಶುರು ಮಾಡಿ ಅಂತ ನಾನು ಹೇಳಿದ್ದೆ. "ಅಕ್ಕಾ, ಇರಚಲು ಬಡಿಯಲ್ವಾ?" ಅಂತ ಅವರು ಕೇಳಿದ್ದರು. ಮೊದಲ ಮಳೆಗೇ ಕೆಳಗಿನ ಎರಡು ಸಾಲು ತೊಳೆದುಹೋಯಿತು. ಗೋಡೆ ತುಂಬ ಇದ್ದಿಲಿನಲ್ಲಿ ಬಾಣ ಬರೆದವಳು ನಾನೇ. ಮುಂದಿನ ವರ್ಷ ಮೂರಡಿ ಮೇಲಿಂದ ಬರೆದರು.

ಒಟ್ಟು ಖರ್ಚು ಹನ್ನೊಂದೂವರೆ ಲಕ್ಷ, ಕಿತ್ತು ಹಾಕಿದ ಸಿಮೆಂಟೂ ಸೇರಿ. ಅರ್ಧಕ್ಕಿಂತ ಜಾಸ್ತಿ ಕೂಲಿಗೇ ಹೋಯಿತು.

ಮಂಗಗಳಿಗೆ ಏನೂ ಪರಿಹಾರ ಸಿಕ್ಕಿಲ್ಲ. ಹೆಂಚಿನ ಕೆಳಗೆ ಶೀಟ್ ಹಾಕಿದರೆ ಸೋರುವುದಿಲ್ಲ ಅಂತಾರೆ. ಅಟ್ಟದ ಮೇಲೆ ಮಾತ್ರ ಹಾಕಿದ್ದೇವೆ. ಕೊಟ್ಟಿಗೆಯ ಹಿಂದೆ, ಅಚ್ಚಿನ ಪ್ರಕಾರ ಬೇರೆ ಬೇರೆ ಜೋಡಿಸಿದ ಅರವತ್ತು ಹೆಂಚು ಸದಾ ಇರುತ್ತವೆ.

ಕಳೆದ ಮಳೆಗಾಲದಲ್ಲಿ ಇದ್ದಿಲ ಗುರುತು ಮೂರು. ಎರಡು ಮಂಗನದ್ದು. ಮೂರನೆಯದು ದೇವರ ಕೋಣೆಯ ಹಿಂದಿನ ಮೂಲೆ. ಅಲ್ಲಿ ಆಚಾರ್ರು ತಗಡನ್ನು ಎರಡು ಸಲ ಬಿಚ್ಚಿ ಕೂರಿಸಿದರೂ ಪುಷ್ಯ ಮಳೆಗೆ ಹನಿ ಬೀಳುತ್ತದೆ. ಅವರಿಗೆ ಅದು ಮರ್ಯಾದೆ ಪ್ರಶ್ನೆ ಆಗಿಬಿಟ್ಟಿದೆ. ಕೊಯ್ಲು ಮುಗಿದ ಮೇಲೆ ಬರುತ್ತೇನೆ, ಅಲ್ಲಿಯವರೆಗೆ ಬೇರೆ ಯಾರನ್ನೂ ಹತ್ತಿಸಬೇಡಿ ಅಂದಿದ್ದಾರೆ.